ಎಷ್ಟು ಹೊತ್ತಿಗೆ ಬರ್ತೀಯ?

ಬರ್ಲಿನ್‌ಗೆ ಹೋದ ಮೊದಲ ಸಂಜೆಯೇ ಅಕ್ಕ ನನ್ನ ಕೈಗೆ ಎರಡು ಕೀ ಕೊಟ್ಟಳು. "ದೊಡ್ಡದು ಕೆಳಗಿನ ಬಾಗಿಲಿಗೆ, ಚಿಕ್ಕದು ಮನೆಗೆ. ಬಾಗಿಲು ಎಳೆದರೆ ತಾನಾಗೇ ಲಾಕ್ ಆಗುತ್ತೆ. ಕೀ ಒಳಗೆ ಬಿಟ್ಟು ಹೊರಗೆ ಹೋಗ್ಬೇಡ" ಅಂದಳು. ನಾನು ಶೂ ಹಾಕಿಕೊಂಡು ಬಾಗಿಲಲ್ಲಿ ಒಂದು ಗಳಿಗೆ ನಿಂತೆ. ಇನ್ನೊಂದು ಮಾತು ಬರಬೇಕಿತ್ತು. ಬರಲಿಲ್ಲ. ಅಕ್ಕ ಒಳಗೆ ಹೋಗಿ ಮಗಳ ಊಟದ ತಟ್ಟೆ ತೊಳೆಯತೊಡಗಿದಳು. ಲಿಫ್ಟ್ ಇಲ್ಲದ ಹಳೇ ಕಟ್ಟಡ, ನಾಲ್ಕು ಮಹಡಿ. ಸವೆದ ಮರದ ಮೆಟ್ಟಿಲು ಕಿರ್ ಕಿರ್ ಅಂತಿತ್ತು. ಇಳಿಯುವಷ್ಟು ಹೊತ್ತೂ ಕಿವಿ ಮೇಲೇ ಇತ್ತು, ಈಗ ಕೂಗ್ತಾಳೆ, ಈಗ ಕೇಳ್ತಾಳೆ ಅಂತ. ಕೆಳಗಿನ ಬಾಗಿಲು ನನ್ನ ಹಿಂದೆ ಮುಚ್ಚಿಕೊಂಡಿತು. ರಸ್ತೆಯಲ್ಲಿ ಇನ್ನೂ ಬಿಸಿಲಿತ್ತು. ರಾತ್ರಿ ಒಂಬತ್ತು ಗಂಟೆ.

"ಎಷ್ಟು ಹೊತ್ತಿಗೆ ಬರ್ತೀಯ?" ಆ ಮಾತು ಬರಲಿಲ್ಲ. ನನಗೀಗ 33 ವರ್ಷ. ಈ ಮಾತು ಕೇಳಿಸಿಕೊಳ್ಳದೆ ಮನೆಯ ಹೊಸ್ತಿಲು ದಾಟಿದ ನೆನಪೇ ನನಗಿಲ್ಲ. ಅಮ್ಮ ಇದನ್ನು ಜೋರಾಗಿ ಕೇಳಿದವಳಲ್ಲ. ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ ಕೇಳುತ್ತಿದ್ದಳು. ಆದರೆ ಉತ್ತರ ಹೇಳದೆ ಹೋಗುವ ಹಾಗಿರಲಿಲ್ಲ, ಹೇಳಿದ ಹೊತ್ತು ಮೀರುವ ಹಾಗೂ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಕ್ಕಳು ಒಳಗಿರಬೇಕು ಅಂತ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಹಾಗಾಗಿ ನನಗೂ ಅಕ್ಕನಿಗೂ ರಾತ್ರಿ ಅಂದರೆ ಪುಸ್ತಕ. ಒಂದೇ ಹೊದಿಕೆ, ಒಂದೇ ಟಾರ್ಚು, ಒಂದೇ ಪುಸ್ತಕ. ಎಡಗಡೆ ಪುಟದ ಅಂಚು ಅವಳ ಕೈಯಲ್ಲಿ, ಬಲಗಡೆಯದು ನನ್ನ ಕೈಯಲ್ಲಿ. ಅವಳು ನನಗಿಂತ ಬೇಗ ಓದುತ್ತಿದ್ದಳು. ಪುಟದ ಕೊನೆಗೆ ಬಂದು ಕಾಯುತ್ತಿದ್ದಳು. "ಆಯ್ತಾ?" ಅನ್ನುತ್ತಿದ್ದಳು. ನಾನು "ಆಯ್ತು" ಅಂದ ಮೇಲೇ ಪುಟ ತಿರುಗುತ್ತಿತ್ತು. ಎಷ್ಟೋ ಸಲ ನಾನು ಓದಿ ಮುಗಿಸದೆ "ಆಯ್ತು" ಅಂದಿದ್ದೇನೆ, ಅವಳನ್ನು ಕಾಯಿಸಬಾರದು ಅಂತ. ಊರೆಲ್ಲ ಮಲಗಿದ ಮೇಲೆ ನಾವು ತಿರುಗಾಡಿದ ಊರು, ಹತ್ತಿದ ಹಡಗು, ನೋಡಿದ ಕೊಲೆ, ಎಲ್ಲ ಆ ಹೊದಿಕೆಯೊಳಗೆ.

ಅದಕ್ಕೇ ಇರಬೇಕು, ಈ ಪ್ರವಾಸದ ಬಗ್ಗೆ ಯಾರಾದರೂ "ಏನೇನು ನೋಡಿದೆ?" ಅಂತ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಎರಡು ಕೀ. ಬ್ರಾಂಡೆನ್‌ಬುರ್ಗ್ ಗೇಟು ಆಮೇಲೆ.

ಬೆಳಕಿರುವ ರಾತ್ರಿ

ನಾನು ಹೋಗಿದ್ದು ಜೂನ್‌ನಲ್ಲಿ. ಆಗ ಬರ್ಲಿನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ನಿಜವಾಗಿ ಕತ್ತಲಾಗುವಷ್ಟರಲ್ಲಿ ಹತ್ತೂವರೆ ಆಗಿರುತ್ತದೆ. ಬೆಳಿಗ್ಗೆ ಐದಕ್ಕೂ ಮೊದಲೇ ಮತ್ತೆ ಸೂರ್ಯ. ಅಕ್ಕನ ಮಗಳಿಗೆ ಮೂರು ವರ್ಷ. ಎಂಟು ಗಂಟೆಗೆ ಮಲಗಬೇಕು. ಅಕ್ಕ ಕಿಟಕಿಗೆ ದಪ್ಪ ಪರದೆ ಎಳೆದು, "ರಾತ್ರಿ ಆಯ್ತು ಪುಟ್ಟಿ" ಅನ್ನುತ್ತಾಳೆ. ಪುಟ್ಟಿ ಪರದೆಯ ಸಂದಿಯಲ್ಲಿ ಬೆರಳು ತೂರಿಸುತ್ತಾಳೆ. ಬಿಸಿಲಿನ ಒಂದು ಗೆರೆ ಹಾಸಿಗೆ ಮೇಲೆ ಬೀಳುತ್ತದೆ. "ಇದೇನು ಮತ್ತೆ?" ಅಂತ ಕೇಳುತ್ತಾಳೆ. ಅಕ್ಕನ ಹತ್ತಿರ ಉತ್ತರ ಇಲ್ಲ. ದಿನಾ ಇದೇ ನಡೆಯುತ್ತದಂತೆ. ಮಗುವಿಗೆ ಕತ್ತಲು ಅಂದರೆ ರಾತ್ರಿ ಅಂತ ಯಾರೋ ಹೇಳಿಕೊಟ್ಟಿದ್ದಾರೆ, ಊರು ಮಾತ್ರ ಆ ಮಾತು ಕೇಳುತ್ತಿಲ್ಲ.

ಹಗಲು ಹೇಗೋ ಕಳೆದುಹೋಗುತ್ತಿತ್ತು. ವಾರದ ದಿನಗಳಲ್ಲಿ ಪುಟ್ಟಿ ಕಿಟಾಕ್ಕೆ ಹೋಗುತ್ತಾಳೆ, ಅಂದರೆ ಅಲ್ಲಿನ ಶಿಶುವಿಹಾರ. ಭಾವ ಆಫೀಸಿಗೆ. ಅಕ್ಕ ಮನೆಯಿಂದಲೇ ಕೆಲಸ. ಅವಳು ಕೋಣೆಯಲ್ಲಿ ಮೀಟಿಂಗ್‌ನಲ್ಲಿದ್ದರೆ ನಾನು ಅಡುಗೆಮನೆಯ ಕಿಟಕಿ ಹತ್ತಿರ ಕೂತು ಓದುತ್ತಿದ್ದೆ. ಮಧ್ಯಾಹ್ನ ಇಬ್ಬರೂ ಸೇರಿ ಸಾರು ಬಿಸಿ ಮಾಡಿಕೊಂಡು ಉಣ್ಣುತ್ತಿದ್ದೆವು. ನಾನು ತಂದಿದ್ದು ಒಂದೇ ಪುಸ್ತಕ, 400 ಪುಟ ದಾಟುವ ಒಂದು ಕನ್ನಡ ಕಾದಂಬರಿ. ಅಪ್ಪನ ಕಪಾಟಿನದು. ಅಲ್ಲಲ್ಲಿ ಅಪ್ಪ ಪೆನ್ಸಿಲ್‌ನಲ್ಲಿ ಎಳೆದ ಗೆರೆ, ಒಂದು ಪುಟದಲ್ಲಿ ಕಾಫಿ ಲೋಟದ ಕಂದು ವೃತ್ತ. ಅಕ್ಕ ಮೊದಲ ದಿನ ಅದನ್ನು ಕೈಗೆತ್ತಿಕೊಂಡು ಮೂಗಿಗೆ ಹಿಡಿದಳು, ವಾಪಸ್ ಇಟ್ಟಳು. "ಕನ್ನಡ ಪುಸ್ತಕ ಓದಿ ನಾಲ್ಕು ವರ್ಷ ಆಯ್ತು ಕಣೇ. ಪುಟ್ಟಿ ಹುಟ್ಟಿದ ಮೇಲೆ ಹತ್ತು ಪುಟ ಒಟ್ಟಿಗೆ ಓದೋಕೆ ಆಗ್ತಿಲ್ಲ" ಅಂದಳು. ನಾನು ಏನೂ ಹೇಳಲಿಲ್ಲ. ಅವಳು ಓದದೆ ಇರುವುದು ಅಂದರೆ ನನಗೆ ಮನೆಯ ಒಂದು ಗೋಡೆ ಇಲ್ಲ ಅಂದ ಹಾಗೆ.

ಯಾರೋ ಒಬ್ಬರು ಹೋಗಿ ಕೇಳಿದ್ದು

ಬರ್ಲಿನ್‌ನ ರಾತ್ರಿಯ ಬಗ್ಗೆ ನಾನು ಮೊದಲೇ ಓದಿದ್ದ ಒಂದು ಸಂಗತಿ ಹೇಳಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಊರನ್ನು ನಾಲ್ಕು ದೇಶಗಳು ಹಂಚಿಕೊಂಡಿದ್ದವಲ್ಲ, ಆಗ ಬಾರು, ಹೋಟೆಲುಗಳಿಗೆ ರಾತ್ರಿ ಬಾಗಿಲು ಹಾಕುವ ಹೊತ್ತು ಅಂತ ಇತ್ತು. ಪಶ್ಚಿಮದ ಭಾಗದಲ್ಲಿ ಒಂದು ಹೊತ್ತು, ಸೋವಿಯತ್ ಭಾಗದಲ್ಲಿ ಇನ್ನೊಂದು. ಯಾವ ಕಡೆ ತಡವಾಗಿ ಮುಚ್ಚುತ್ತಾರೋ ಗಿರಾಕಿಗಳು ಆ ಕಡೆಗೆ. ಹೈಂಜ್ ಝೆಲರ್‌ಮಾಯರ್ ಅನ್ನುವ ಹೋಟೆಲು ಮಾಲೀಕರು 1949ರಲ್ಲಿ ಅಮೆರಿಕದ ಕಮಾಂಡೆಂಟ್ ಫ್ರ್ಯಾಂಕ್ ಹೌಲಿ ಅವರ ಹತ್ತಿರ ಒಂದು ವಿಸ್ಕಿ ಬಾಟಲಿ ಹಿಡಿದು ಹೋದರು. ಈ ನಿಯಮವನ್ನೇ ತೆಗೆದುಬಿಡಿ ಅಂತ ಕೇಳಿದರು. ಆ ಜೂನ್‌ನಲ್ಲಿ ನಿಯಮ ಹೋಯಿತು. ಪಶ್ಚಿಮ ಭಾಗಕ್ಕೆ ಬರುವ ರಸ್ತೆ, ರೈಲುಗಳನ್ನು ಸೋವಿಯತ್ತಿನವರು ತಡೆದಿದ್ದ ದಿಗ್ಬಂಧನ ಮುಗಿದು ಆಗಿನ್ನೂ ಒಂದು ತಿಂಗಳು. ಊರಲ್ಲಿ ತಿನ್ನಲು ಸರಿಯಾಗಿ ಇಲ್ಲದ ಕಾಲ. ಆ ಹೊತ್ತಿನಲ್ಲಿ ಒಬ್ಬರು ಹೋಗಿ ರಾತ್ರಿಯನ್ನು ಕೇಳಿ ಪಡೆದರು ಅನ್ನುವುದು ನನಗೆ ತುಂಬ ಹಿಡಿಸಿದ ವಿಷಯ. ಇವತ್ತಿಗೂ ಅಲ್ಲಿ ಇಷ್ಟು ಗಂಟೆಗೆ ಮನೆಗೆ ಹೋಗಿ ಅಂತ ಯಾರೂ ಹೇಳುವುದಿಲ್ಲ. ಕ್ಲಬ್ಬುಗಳಲ್ಲಿ ರಾತ್ರಿಯೆಲ್ಲ ಕುಣಿಯುವ ಅಲ್ಲಿನ ಟೆಕ್ನೋ ಸಂಗೀತದ ಸಂಸ್ಕೃತಿಯನ್ನು 2024ರಲ್ಲಿ ಜರ್ಮನಿ ತನ್ನ ಪರಂಪರೆಯ ಪಟ್ಟಿಗೂ ಸೇರಿಸಿತು. ಅದೇ ವರ್ಷದ ಕೊನೆಗೆ, ನದಿ ದಂಡೆಯಲ್ಲಿ 2002ರಿಂದ ಇದ್ದ ವಾಟರ್‌ಗೇಟ್ ಕ್ಲಬ್ಬು ಮುಚ್ಚಿತು. ಬಾಡಿಗೆ, ಖರ್ಚು ಎಲ್ಲ ಏರಿದೆ ಅಂತ ಅಲ್ಲಿಯವರು ಬೇಜಾರಿನಲ್ಲಿ ಹೇಳುತ್ತಾರೆ. ಕೇಳಿ ಪಡೆದದ್ದನ್ನು ಉಳಿಸಿಕೊಳ್ಳುವುದೂ ಕಷ್ಟವೇ.

ಇದೇ ಊರಲ್ಲಿ ಇನ್ನೊಂದು ನಿಯಮ ಇದೆ. ಅಕ್ಕ ಮೊದಲ ದಿನವೇ ಎಚ್ಚರಿಸಿದಳು. ರಾತ್ರಿ ಹತ್ತರ ಮೇಲೆ ಮನೆಯಲ್ಲಿ ಸದ್ದು ಮಾಡುವ ಹಾಗಿಲ್ಲ. ಖಾಲಿ ಗಾಜಿನ ಬಾಟಲಿಯನ್ನು ರಾತ್ರಿ ಹೊತ್ತು, ಭಾನುವಾರ, ಗಾಜಿನ ಡಬ್ಬಕ್ಕೆ ಹಾಕುವ ಹಾಗಿಲ್ಲ, ಒಡೆದ ಸದ್ದಿಗೆ ಅಕ್ಕಪಕ್ಕದವರಿಗೆ ಎಚ್ಚರ ಆಗುತ್ತದೆ ಅಂತ. ಮಲಗುವವರಿಗೂ ಜಾಗ, ಎದ್ದಿರುವವರಿಗೂ ಜಾಗ. ನನಗೆ ಇದು ಬಹಳ ಒಳ್ಳೆಯ ಏರ್ಪಾಡು ಅನ್ನಿಸಿತು.

ಶನಿವಾರ ರಾತ್ರಿ ನಾನು ಹೊರಟೆ. ನನ್ನ ಕಾಲೇಜಿನ ಗೆಳತಿಯೊಬ್ಬಳು ಅಲ್ಲೇ ಕೆಲಸದಲ್ಲಿದ್ದಾಳೆ. ವಾರ್ಶಾವರ್ ಸ್ಟ್ರಾಸೆ ಸ್ಟೇಷನ್ ಹತ್ತಿರ ಒಂದು ಕ್ಲಬ್ಬಿಗೆ ಕರೆದುಕೊಂಡು ಹೋದಳು. ಒಂದು ಗಂಟೆ ಕ್ಯೂನಲ್ಲಿ ನಿಂತೆವು. ಬಾಗಿಲಲ್ಲಿ ಒಬ್ಬ ಹೆಂಗಸು ನನ್ನ ಫೋನು ತೆಗೆದುಕೊಂಡು ಹಿಂದಿನ ಕ್ಯಾಮೆರಾ ಮೇಲೆ ಒಂದು, ಮುಂದಿನದರ ಮೇಲೆ ಒಂದು ಹಳದಿ ಸ್ಟಿಕ್ಕರ್ ಅಂಟಿಸಿದಳು. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಅಲ್ಲಿನ ಎಷ್ಟೋ ಕ್ಲಬ್ಬುಗಳಲ್ಲಿ ಇದೇ ಪದ್ಧತಿ. ಹಾಗಾಗಿ ಆ ರಾತ್ರಿಯ ಒಂದು ಫೋಟೋವೂ ನನ್ನ ಹತ್ತಿರ ಇಲ್ಲ. ನೆನಪಿರುವುದು ಇಷ್ಟು. ಸದ್ದು ಕಿವಿಗಿಂತ ಮೊದಲು ಪಾದಕ್ಕೆ ಬಂತು. ನೆಲ ನಡುಗುತ್ತಿತ್ತು. ನನ್ನ ಪಕ್ಕ ಅರವತ್ತು ದಾಟಿದ ಒಬ್ಬರು, ಬೆಳ್ಳಿ ಕೂದಲು, ಕಣ್ಣು ಮುಚ್ಚಿಕೊಂಡು ನಿಂತಲ್ಲೇ ತೂಗುತ್ತಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಮೊದಲ ಅರ್ಧ ಗಂಟೆ ನಾನು ಕೈಗಳನ್ನು ಎಲ್ಲಿಡುವುದು ಅಂತ ತಿಳಿಯದೆ ಬ್ಯಾಗಿನ ಪಟ್ಟಿ ಹಿಡಿದುಕೊಂಡಿದ್ದೆ. ಆಮೇಲೆ ಯಾವಾಗ ಬಿಟ್ಟೆನೋ ಗೊತ್ತಿಲ್ಲ. ಮೈ ತಾನೇ ಕುಣಿಯಿತು. ಗಡಿಯಾರ ನೋಡಿಕೊಳ್ಳದೆ ಮೂರು ಗಂಟೆ ಕಳೆದದ್ದು ನನ್ನ ಬದುಕಿನಲ್ಲಿ ಪುಸ್ತಕದ ಹೊರಗೆ ಅದೇ ಮೊದಲು.

ನಾಲ್ಕೂವರೆಗೆ ಹೊರಗೆ ಬಂದೆವು. ಬಾಗಿಲು ತೆರೆದರೆ ಬೆಳಕು! ಕತ್ತಲು ಇರುತ್ತದೆ ಅಂದುಕೊಂಡು ಬಂದವಳಿಗೆ ಕಣ್ಣು ಕುಕ್ಕಿತು. ಹಕ್ಕಿಗಳು ಕೂಗುತ್ತಿದ್ದವು. ಫುಟ್‌ಪಾತ್ ಮೇಲೆ ಕಸದ ಡಬ್ಬದ ಪಕ್ಕ ಖಾಲಿ ಬಿಯರ್ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಡಬ್ಬದೊಳಗೆ ಹಾಕಿರಲಿಲ್ಲ. ಒಬ್ಬ ಮುದುಕ ತಳ್ಳುಗಾಡಿಯಂಥದ್ದರಲ್ಲಿ ಅವನ್ನು ಒಂದೊಂದಾಗಿ ತುಂಬಿಕೊಳ್ಳುತ್ತಿದ್ದ. ಅಂಗಡಿಗೆ ವಾಪಸ್ ಕೊಟ್ಟರೆ ಬಿಯರ್ ಬಾಟಲಿಗೆ 8 ಸೆಂಟ್, ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಸಿಗುತ್ತದೆ. ಕುಡಿದವರು ಇಂಥವರಿಗೆ ಅಂತಲೇ ಹೊರಗೆ ಇಟ್ಟುಹೋಗುತ್ತಾರೆ, ಅವರು ಡಬ್ಬದೊಳಗೆ ಕೈ ಹಾಕುವಂತೆ ಆಗಬಾರದು ಅಂತ. ಅವನ ಕೈ ನೋಡುತ್ತಾ ನಿಂತೆ. ಬೆರಳು ಕಾಣುವ ಉಣ್ಣೆಯ ಗ್ಲೌಸು, ಜೂನ್ ತಿಂಗಳಲ್ಲೂ. ಒಂದು ಬಾಟಲಿಯಲ್ಲಿ ಉಳಿದಿದ್ದನ್ನು ಮರದ ಬುಡಕ್ಕೆ ಚೆಲ್ಲಿ, ಸದ್ದಾಗದ ಹಾಗೆ ಇಟ್ಟ. ನಮಗೆ ಅದು ಹಬ್ಬದ ರಾತ್ರಿ, ಅವನಿಗೆ ದುಡಿಮೆಯ ಬೆಳಿಗ್ಗೆ.

ಎಂ10 ಟ್ರಾಮು ರಾತ್ರಿಯೆಲ್ಲ ಓಡುತ್ತದೆ. ಗೆಳತಿ ಇನ್ನೊಂದು ದಾರಿ ಹಿಡಿದಳು, ನಾನು ಒಬ್ಬಳೇ ಹತ್ತಿದೆ. ಕಣ್ಣ ಸುತ್ತ ಮಿನುಗು ಬಣ್ಣ ಹಚ್ಚಿಕೊಂಡ ಹುಡುಗ ಕಿಟಕಿಗೆ ತಲೆ ಆನಿಸಿ ಮಲಗಿದ್ದ. ಅವನ ಎದುರು ಕೆಲಸಕ್ಕೆ ಹೊರಟ ಒಬ್ಬ ಹೆಂಗಸು, ಬ್ಯಾಗಿನಿಂದ ಏಪ್ರನ್‌ನ ಒಂದು ತುದಿ ಇಣುಕುತ್ತಿತ್ತು. ಫ್ರಾಂಕ್‌ಫುರ್ಟರ್ ಟೋರ್ ಅನ್ನುವ ಚೌಕದ ಜೋಡಿ ಗೋಪುರಗಳ ಮೇಲೆ ಆಗತಾನೆ ಬಿಸಿಲು ಬಿದ್ದಿತ್ತು. ಟ್ರಾಮಿಳಿದು ಮನೆಗೆ ನಡೆಯುವಾಗ ಹಿಂದೆ ಹೆಜ್ಜೆ ಸದ್ದು ಕೇಳಿ ಒಂದು ಸಲ ತಿರುಗಿ ನೋಡಿದೆ. ಯಾರೋ ನಾಯಿ ಕರೆದುಕೊಂಡು ಬರುತ್ತಿದ್ದರು. ನನ್ನ ಕೈಯಲ್ಲಿ ಆ ದೊಡ್ಡ ಕೀ ಬೆರಳುಗಳ ನಡುವೆ ಚೂಪಾಗಿ ನಿಂತಿತ್ತು. ಯಾವಾಗ ಹಾಗೆ ಹಿಡಿದೆ ಅಂತ ನನಗೇ ತಿಳಿಯದು. ಈ ಊರು ಎಲ್ಲರಿಗೂ ಸುರಕ್ಷಿತ ಅಂತ ನಾನು ಬರೆಯಲಾರೆ. ಒಂದು ವಾರ ಇದ್ದು ಬಂದವಳು ಅಂಥ ಮಾತು ಹೇಳಬಾರದು. ಹೆದರಿಕೆ ಅಷ್ಟು ಸುಲಭವಾಗಿ ಕೈ ಬಿಡುವುದಿಲ್ಲ ಅಂತ ಮಾತ್ರ ಹೇಳಬಲ್ಲೆ.

ಅಡುಗೆಮನೆಯಲ್ಲಿ

ಸದ್ದಾಗದ ಹಾಗೆ ಬಾಗಿಲು ತೆರೆದೆ. ಅಡುಗೆಮನೆಯಲ್ಲಿ ದೀಪ ಇರಲಿಲ್ಲ, ಬೇಕೂ ಇರಲಿಲ್ಲ. ಅಕ್ಕ ಕಿಟಕಿ ಹತ್ತಿರದ ನನ್ನ ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದಳು. ಮಡಿಲಲ್ಲಿ ಅಪ್ಪನ ಪುಸ್ತಕ. "ಬಂದ್ಯಾ" ಅಂದಳು. ತಲೆ ಎತ್ತದೆ, ಅಮ್ಮ ಸೊಪ್ಪು ಬಿಡಿಸುವಾಗ ಅನ್ನುತ್ತಿದ್ದ ಹಾಗೇ. ಎಷ್ಟು ಹೊತ್ತಿನಿಂದ ಕೂತಿದ್ದೀಯ ಅಂತ ಕೇಳಿದೆ. "ಎರಡು ಗಂಟೆಗೆ ಪುಟ್ಟಿ ಎದ್ದಳು. ಅವಳನ್ನ ಮಲಗಿಸಿದ ಮೇಲೆ ನಿದ್ದೆ ಬರಲಿಲ್ಲ. ನಿನ್ನ ಬ್ಯಾಗಿಂದ ಇದನ್ನ ತೆಗೆದೆ. ತೊಂಬತ್ತು ಪುಟ ಆಯ್ತು ಕಣೇ!" ಅಂದಳು. ಮುಖ ಮಾತ್ರ ಹೊದಿಕೆಯೊಳಗಿನ ಆ ಹುಡುಗಿಯದೇ.

ಕಾಫಿ ಮಾಡಿದಳು. "ಈಗ ಹೇಳು" ಅಂದಳು. ಫೋಟೋ ಇಲ್ಲ ಅಂದೆ. "ಹಾಗಾದ್ರೆ ಸರಿಯಾಗಿ ಹೇಳು." ಬೆಳ್ಳಿ ಕೂದಲಿನವರು ಹೇಗೆ ತೂಗುತ್ತಿದ್ದರು ಅಂತ ಎದ್ದು ನಿಂತು ತೋರಿಸಿದೆ. ಬಾಟಲಿಯ ಮುದುಕನ ಗ್ಲೌಸು, ಏಪ್ರನ್‌ನ ತುದಿ, ಎಲ್ಲ ಹೇಳಿದೆ. ಅವಳು ಮಧ್ಯೆ ಮಧ್ಯೆ ಕೇಳುತ್ತಿದ್ದಳು, ಅವರು ಯಾವ ಬಟ್ಟೆ ಹಾಕಿದ್ದರು, ಒಳಗೆ ಎಂಥ ವಾಸನೆ ಇತ್ತು. ಹೇಳುತ್ತಾ ಹೋದ ಹಾಗೆ ನಾನು ನೋಡಿದ್ದೇ ಗೊತ್ತಿರದ ಸಂಗತಿಗಳು ಹೊರಗೆ ಬಂದವು. ಒಬ್ಬಳೇ ಬಂದು ಮಲಗಿಬಿಟ್ಟಿದ್ದರೆ ಆ ರಾತ್ರಿಯಲ್ಲಿ ಅರ್ಧ ನನ್ನ ಕೈ ತಪ್ಪಿ ಹೋಗುತ್ತಿತ್ತು.

ಆಮೇಲೆ ಕೇಳಿದೆ. "ಅಕ್ಕಾ, ಹೊರಡುವಾಗ ಎಷ್ಟು ಹೊತ್ತಿಗೆ ಬರ್ತೀಯ ಅಂತ ನೀನು ಯಾಕೆ ಕೇಳಲಿಲ್ಲ?"

ಅವಳು ಲೋಟ ತಿರುಗಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಾಲಿಗೆ ತುದಿಗೆ ಬಂದಿತ್ತು. ಎರಡು ದಿನಾನೂ. ಕೇಳಬಾರದು ಅಂತ ಬಾಯಿ ಮುಚ್ಕೊಂಡೆ. ಮಾತು ನುಂಗಬಹುದು ಕಣೇ, ನಿದ್ದೆ ಬರಬೇಕಲ್ಲ." ಆಮೇಲೆ ಅವಳ ಕಥೆ ಹೇಳಿದಳು. ಓದಲು ಅಂತ ಈ ಊರಿಗೆ ಬಂದ ಮೊದಲ ವರ್ಷ ಅವಳು ರಾತ್ರಿಯೆಲ್ಲ ನಡೆಯುತ್ತಿದ್ದಳಂತೆ. ಕಾಲುವೆ ದಂಡೆ, ಸೇತುವೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ, ಸುಮ್ನೆ. ಯಾರೂ ಕೇಳುವವರಿಲ್ಲ ಅನ್ನುವ ಖುಷಿಗೆ. ಆರು ತಿಂಗಳಾದ ಮೇಲೆ ಒಂದು ರಾತ್ರಿ ಮೂರು ಗಂಟೆಗೆ ರೂಮಿಗೆ ಬಂದು, ಕೀ ಮೇಜಿನ ಮೇಲಿಟ್ಟು, ಅಳು ಬಂತಂತೆ. ಯಾರೂ ಕೇಳುವವರಿಲ್ಲ ಅಂತ. "ಎರಡೂ ಒಂದೇ ಮಾತು ನೋಡು" ಅಂದಳು.

ನಾನು ಅಮ್ಮನ ಮೇಲೆ ಎಷ್ಟೋ ವರ್ಷ ಸಿಟ್ಟು ಇಟ್ಟುಕೊಂಡಿದ್ದವಳು. ಆ ಸಿಟ್ಟಿಗೆ ಕಾರಣ ಇತ್ತು, ಈಗಲೂ ಇದೆ. ಅದೇ ಪ್ರಶ್ನೆ ನಮ್ಮ ಓಣಿಯ ಹುಡುಗರಿಗೆ ಯಾರೂ ಕೇಳುತ್ತಿರಲಿಲ್ಲ. ನಾಟಕ ನೋಡಲು ಆಗದೆ ಹೋದದ್ದು, ಗೆಳತಿಯ ಮದುವೆಯ ಹಿಂದಿನ ರಾತ್ರಿಯ ಹಾಡು ಹಸೆ ಬಿಟ್ಟು ಬಂದದ್ದು, ಇವೆಲ್ಲ ನಷ್ಟವೇ. ಅದನ್ನು ಪ್ರೀತಿ ಅಂತ ಹೆಸರಿಟ್ಟು ಮರೆಯಲು ನನಗೆ ಮನಸ್ಸಿಲ್ಲ. ಆದರೆ ಅಡುಗೆಮನೆಯಲ್ಲಿ ಕೂತ ಅಕ್ಕನ ಕಣ್ಣ ಕೆಳಗಿನ ಕಪ್ಪು ನೋಡಿದಾಗ ಇನ್ನೊಂದು ನೆನಪಾಯಿತು. ಕಾಲೇಜಿನ ಪ್ರವಾಸದಿಂದ ನಮ್ಮ ಬಸ್ಸು ಕೆಟ್ಟು, ನಾನು ಮನೆ ಮುಟ್ಟಿದಾಗ ರಾತ್ರಿ ಒಂದೂವರೆ. ಅಮ್ಮ ಜಗುಲಿಯಲ್ಲಿ ಕೂತಿದ್ದಳು. ಬೈಯಲಿಲ್ಲ. ಅನ್ನ ಬಡಿಸಿದಳು. ನಾನು ಬೈಗುಳ ಬರುತ್ತದೆ ಅಂತ ತಲೆ ತಗ್ಗಿಸಿ ಬೇಗ ಬೇಗ ಉಂಡು ಎದ್ದೆ. "ಏನಾಯ್ತು, ಹೇಗೆ ಬಂದೆ" ಅಂತ ಅವಳು ಕೇಳಿದ್ದಕ್ಕೂ ಒಂದೊಂದೇ ಪದದ ಉತ್ತರ ಕೊಟ್ಟೆ. ಅವತ್ತು ಬಸ್ಸು ನಿಂತ ಕಾಡಿನ ದಾರಿಯಲ್ಲಿ ಎಷ್ಟು ಮಿಣುಕುಹುಳ ಇದ್ದವು ಅಂತ ಅಮ್ಮನಿಗೆ ನಾನು ಇವತ್ತಿನವರೆಗೂ ಹೇಳಿಲ್ಲ.

ಆ ಭಾನುವಾರ ಮಧ್ಯಾಹ್ನ ಪುಟ್ಟಿಯನ್ನು ಕೊಲ್ವಿಟ್ಸ್‌ಪ್ಲಾಟ್ಸ್‌ಗೆ ಕರೆದುಕೊಂಡು ಹೋದೆವು. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು, ಅಲ್ಲಿ ಭಾನುವಾರ ಅಂದರೆ ಹಾಗೇ. ಪಾರ್ಕಿನ ನಡುವೆ ಕಲಾವಿದೆ ಕೇಟೆ ಕೊಲ್ವಿಟ್ಸ್ ಅವರ ದೊಡ್ಡ ಕಂಚಿನ ಮೂರ್ತಿ ಇದೆ. ವಯಸ್ಸಾದ ಹೆಂಗಸು, ದಣಿದ ಮುಖ, ಕೂತ ಭಂಗಿ. ಮಕ್ಕಳು ಅದರ ಮಡಿಲಿಗೆ ಹತ್ತಿ ಕೂರುತ್ತವೆ, ಯಾರೂ ಬೇಡ ಅನ್ನುವುದಿಲ್ಲ. ಅವರ ಮಗ ಪೀಟರ್ 1914ರಲ್ಲಿ, 18ನೇ ವಯಸ್ಸಿಗೆ, ಯುದ್ಧಕ್ಕೆ ಹೋದವನು ವಾಪಸ್ ಬರಲಿಲ್ಲ. ಆ ದುಃಖವನ್ನೇ ಅವರು ವರ್ಷಗಟ್ಟಲೆ ತಮ್ಮ ಕಲೆಯಲ್ಲಿ ತೋರಿಸಿದರು. ಪುಟ್ಟಿಯನ್ನು ಎತ್ತಿ ಆ ಮಡಿಲಲ್ಲಿ ಕೂರಿಸುವಾಗ ಅಕ್ಕ ಅವಳ ಸೊಂಟದಿಂದ ಕೈ ತೆಗೆಯಲಿಲ್ಲ. "ಬಿಡು, ನಾನೇ" ಅಂತ ಪುಟ್ಟಿ ಕೂಗುತ್ತಿದ್ದಳು. ಅಲ್ಲೇ ಹತ್ತಿರ, ಸ್ರೆಡ್ಸ್ಕಿಸ್ಟ್ರಾಸೆಯ ಮೂಲೆಯಲ್ಲಿ, ಒಟ್ಟಿಗೆ ಕಟ್ಟಿ ನಿಲ್ಲಿಸಿದ ಮರದ ದಿಮ್ಮಿಗಳಲ್ಲಿ ಗೂಡು ಕೊರೆದು ಪುಸ್ತಕ ಇಟ್ಟಿದ್ದಾರೆ. ಬೇಕಾದವರು ಒಯ್ಯಬಹುದು, ಇದ್ದವರು ಇಡಬಹುದು. ಪುಟ್ಟಿ ಒಂದು ಕರಡಿಯ ಚಿತ್ರದ ಪುಸ್ತಕ ಆರಿಸಿದಳು. ಬರುವ ದಾರಿಯೆಲ್ಲ ಅದನ್ನು ತಲೆಕೆಳಗಾಗಿ ಹಿಡಿದು ಕನ್ನಡದಲ್ಲೇ "ಓದಿ"ದಳು.

ಎರಡು ಗುರುತು

ಅವತ್ತಿನಿಂದ ಒಂದು ಪುಸ್ತಕಕ್ಕೆ ಎರಡು ಗುರುತು ಬಂದವು. ನನ್ನದು ಫೋನಿನಿಂದ ಕಿತ್ತ ಹಳದಿ ಸ್ಟಿಕ್ಕರ್, ಪುಟದ ಅಂಚಿಗೆ ಅರ್ಧ ಅಂಟಿಸಿದ್ದು. ಅವಳದು ಪುಟ್ಟಿ ಗೀಚಿದ ಒಂದು ಕಾಗದದ ಚೂರು. ಹಗಲು ನಾನು ಓದುವುದು, ರಾತ್ರಿ ಅವಳು. ನಾನು ಹೊರಗೆ ಹೋದ ಮೇಲೆ ಅವಳು ಕಿಟಕಿ ಹತ್ತಿರ ಕೂರುತ್ತಿದ್ದಳು. ಹತ್ತು ಗಂಟೆಯವರೆಗೂ ದೀಪ ಹಾಕದೆ ಓದಬಹುದು ಅಲ್ವಾ ಅಲ್ಲಿ. ನಾನು ಎಲ್ಲೆಲ್ಲೋ ಅಲೆಯುತ್ತಿದ್ದೆ. ಕ್ರೊಯ್ಟ್ಸ್‌ಬರ್ಗ್‌ನ ಆಡ್ಮಿರಾಲ್ ಸೇತುವೆಯ ಕಲ್ಲುಗಳ ಮೇಲೆ ಕೂತು, ಗಿಟಾರ್ ನುಡಿಸುವವರನ್ನು, ಪಿಜ್ಜಾ ಹಂಚಿಕೊಳ್ಳುವವರನ್ನು ನೋಡುತ್ತಿದ್ದೆ. ಮತ್ತೆ ಕ್ಲಬ್ಬಿಗೆ ಹೋಗಬೇಕು ಅನ್ನಿಸಲಿಲ್ಲ. ಹನ್ನೆರಡಕ್ಕೋ ಒಂದಕ್ಕೋ ಬರುತ್ತಿದ್ದೆ. ಈಗ ಹೊರಡುವಾಗ ನಾನೇ ಹೇಳುತ್ತಿದ್ದೆ, "ಹನ್ನೆರಡೂವರೆ ಆಗುತ್ತೆ ಅಕ್ಕ." ಅವಳು "ಹ್ಞೂಂ" ಅನ್ನುತ್ತಿದ್ದಳು. ಬಂದ ಮೇಲೆ ನಾನು ನೋಡಿದ್ದು ಅವಳಿಗೆ, ಅವಳು ಓದಿದ್ದು ನನಗೆ. ಕಥೆ ಹೇಳಿಬಿಡಬೇಡ ಅಂತ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ, ಬುಧವಾರಕ್ಕೇ ಅವಳ ಕಾಗದದ ಚೂರು ನನ್ನ ಸ್ಟಿಕ್ಕರನ್ನು ದಾಟಿತ್ತು. ಅಪ್ಪ ಗೆರೆ ಎಳೆದ ಒಂದು ಸಾಲಿನ ಪಕ್ಕ ಅವಳೂ ಒಂದು ಚಿಕ್ಕ ಗೆರೆ ಎಳೆದಿದ್ದಳು.

ಶುಕ್ರವಾರ ನನ್ನ ಕೊನೆಯ ರಾತ್ರಿ. ಭಾವ ಊಟ ಮಾಡುತ್ತಾ, "ಇವತ್ತು ಇಬ್ಬರೂ ಹೋಗಿ. ಪುಟ್ಟಿನ ನಾನು ನೋಡ್ಕೊಳ್ತೀನಿ" ಅಂದರು. ಈ ಮಾತು ಅವರು ಹೇಳಿದ್ದು ಇದೇ ಮೊದಲಲ್ಲವಂತೆ. ಅಕ್ಕನೇ ಮೂರು ವರ್ಷದಿಂದ ಎಂಟು ಗಂಟೆಯ ಮೇಲೆ ಹೊರಗೆ ಹೋಗಿರಲಿಲ್ಲ. ಹೊರಡುವಾಗ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ನಾನು ಮೊದಲ ದಿನ ನಿಂತ ಜಾಗದಲ್ಲೇ.

ಫ್ರೀಡ್ರಿಷ್‌ಸ್ಟ್ರಾಸೆಯಲ್ಲಿ ಡುಸ್‌ಮಾನ್ ಅಂತ ಒಂದು ದೊಡ್ಡ ಪುಸ್ತಕದಂಗಡಿ ಇದೆ. ವಾರದ ದಿನಗಳಲ್ಲಿ ರಾತ್ರಿ ಹನ್ನೆರಡರವರೆಗೂ ತೆರೆದಿರುತ್ತದೆ. ನಾವು ಹೋದಾಗ ಹತ್ತೂವರೆ. ಒಳಗೆ ಜನ ಇದ್ದರು! ಮಹಡಿ ಮೇಲೆ ಮಹಡಿ, ಒಂದು ಮೂಲೆಯಲ್ಲಿ ಸೂಟು ಹಾಕಿದವರೊಬ್ಬರು ನಿಂತೇ ಓದುತ್ತಿದ್ದರು, ಪಾರ್ಟಿಗೆ ಹೊರಟ ಬಟ್ಟೆಯಲ್ಲಿದ್ದ ಮೂವರು ಹುಡುಗಿಯರು ಕವಿತೆಯ ಕಪಾಟಿನ ಮುಂದೆ ಪಿಸುಗುಡುತ್ತಿದ್ದರು. ಅಕ್ಕ ಮಕ್ಕಳ ಪುಸ್ತಕದ ಕಡೆಗೆ ಹೆಜ್ಜೆ ಇಟ್ಟವಳು ತಡೆದು ನಿಂತಳು. "ಇವತ್ತು ನನಗೆ" ಅಂದು ಕಾದಂಬರಿಗಳ ಕಡೆ ತಿರುಗಿದಳು. ನೆಲದ ಮೇಲೆ ಅಕ್ಕಪಕ್ಕ ಕೂತು ಮುಚ್ಚುವವರೆಗೂ ಪುಟ ತಿರುಗಿಸಿದೆವು. ಮಾತೇ ಆಡಲಿಲ್ಲ. ರಾತ್ರಿ ಹೊರಗೆ ಬಂದು ಪುಸ್ತಕ ಓದುವುದು, ಅದೂ ಅಕ್ಕನ ಪಕ್ಕದಲ್ಲಿ. ಹೊದಿಕೆ ತೆಗೆದ ಹಾಗಿತ್ತು.

ಅಲ್ಲಿಂದ ಉಂಟರ್ ಡೆನ್ ಲಿಂಡೆನ್ ರಸ್ತೆ ಹಿಡಿದು ಬೇಬೆಲ್‌ಪ್ಲಾಟ್ಸ್‌ಗೆ ನಡೆದೆವು. ಹತ್ತು ನಿಮಿಷದ ದಾರಿ. ಹಗಲಲ್ಲಿ ನಾನು ಆ ಚೌಕ ದಾಟಿದ್ದೆ, ಏನೂ ಕಂಡಿರಲಿಲ್ಲ. ರಾತ್ರಿ ದೂರದಿಂದಲೇ ನೆಲದಲ್ಲಿ ಒಂದು ಬೆಳಕಿನ ಚೌಕ ಕಾಣುತ್ತದೆ. ಹತ್ತಿರ ಹೋದರೆ ಕಲ್ಲುಹಾಸಿನ ನಡುವೆ ಒಂದು ಗಾಜು. ಗಾಜಿನ ಕೆಳಗೆ ಒಂದು ಬಿಳೀ ಕೋಣೆ. ನಾಲ್ಕೂ ಗೋಡೆಗೆ ಕಪಾಟು. ಎಲ್ಲ ಖಾಲಿ. 1933ರ ಮೇ 10ರ ರಾತ್ರಿ ಇದೇ ಚೌಕದಲ್ಲಿ, ವಿಶ್ವವಿದ್ಯಾಲಯದ ಎದುರಿಗೇ, ನಾಜಿ ವಿದ್ಯಾರ್ಥಿಗಳು ಸುಮಾರು 20,000 ಪುಸ್ತಕ ಸುಟ್ಟರು. ಅಷ್ಟು ಪುಸ್ತಕಗಳಿಗೆ ಆಗುವಷ್ಟು ಖಾಲಿ ಕಪಾಟು ಇವು. ಇಸ್ರೇಲಿನ ಕಲಾವಿದ ಮಿಖಾ ಉಲ್ಮನ್ 1995ರಲ್ಲಿ ಮಾಡಿದ್ದು. ಪಕ್ಕದಲ್ಲಿ ಕಂಚಿನ ಫಲಕ. ಪುಸ್ತಕ ಸುಡುವ ಕಡೆ ಕೊನೆಗೆ ಮನುಷ್ಯರನ್ನೂ ಸುಡುತ್ತಾರೆ ಅನ್ನುವ ಅರ್ಥದ ಮಾತು, ಕವಿ ಹೈನ್‌ರಿಷ್ ಹೈನೆ ಅದಕ್ಕೂ 100 ವರ್ಷ ಮೊದಲೇ ಬರೆದಿದ್ದು. ಅಕ್ಕ ನೆಲಕ್ಕೆ ಮಂಡಿಯೂರಿ ಗಾಜಿಗೆ ಮುಖ ಹತ್ತಿರ ತಂದಳು. ಗಾಜಿನ ಮೇಲೆ ಗೀರುಗಳು, ಒಳಗಡೆ ಸ್ವಲ್ಪ ಮಂಜು. ಕೆಳಗಿನ ಬೆಳಕು ಅವಳ ಗಲ್ಲದ ಮೇಲೆ ಬಿದ್ದಿತ್ತು. "ಅವರೂ ರಾತ್ರಿ ಹೊರಗೆ ಬಂದಿದ್ದು, ಓದಿದವರೇ" ಅಂದಳು. ನಾನು ಅವಳ ಪಕ್ಕ ಕೂತೆ. ಆ ಮಾತಿಗೆ ಸೇರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ರಾತ್ರಿಯನ್ನೂ ಪುಸ್ತಕವನ್ನೂ ವಾರವೆಲ್ಲ ಹಬ್ಬದ ಹಾಗೆ ಅನುಭವಿಸಿದ್ದೆ. ಆ ಖಾಲಿ ಕಪಾಟು ನೋಡಿದ ಮೇಲೆ ಸ್ವಲ್ಪ ಹೊತ್ತು ನಮ್ಮಿಬ್ಬರಿಗೂ ಚಳಿಯಾಯಿತು.

ಅಕ್ಕನ ಫೋನು ಬೆಳಗಿತು. ಭಾವನ ಮೆಸೇಜು. ಅವಳು ಓದಿ ನನ್ನ ಕಡೆ ತಿರುಗಿಸಿದಳು. "ಎಷ್ಟು ಹೊತ್ತಿಗೆ ಬರ್ತೀರ? ಪುಟ್ಟಿ ಮಲಗಿದಾಳೆ. ನಿಧಾನಕ್ಕೆ ಬನ್ನಿ, ಎದ್ದಿರ್ತೀನಿ." ಇಬ್ಬರೂ ಆ ಖಾಲಿ ಚೌಕದಲ್ಲಿ ಜೋರಾಗಿ ನಕ್ಕೆವು. ಶುಕ್ರವಾರ, ಶನಿವಾರ ಅಲ್ಲಿ ಮೆಟ್ರೋ ರಾತ್ರಿಯೆಲ್ಲ ಇರುತ್ತದೆ. ಯು2 ಹಿಡಿದು ಬಂದೆವು. ಭಾವ ನಿಜವಾಗಿಯೂ ಎದ್ದಿದ್ದರು. ಅಕ್ಕ ಅವರ ಎದುರು ಕೂತು, ಸೂಟಿನವರು ಹೇಗೆ ನಿಂತಿದ್ದರು ಅಂತ ಹೇಳಲು ಶುರು ಮಾಡಿದಳು. ನಾನು ಬ್ಯಾಗು ತುಂಬಲು ಒಳಗೆ ಹೋದೆ.

ಪುಸ್ತಕ ಅಲ್ಲೇ ಬಿಟ್ಟುಬಂದೆ. ನನಗೆ ಇನ್ನೂ ಎಂಬತ್ತು ಪುಟ ಉಳಿದಿತ್ತು, ಅವಳಿಗೆ ಇಪ್ಪತ್ತು. ಅವಳು ಬೇಡ ಅಂದಳು, ನಾನೇ ಅಡುಗೆಮನೆಯ ಕುರ್ಚಿ ಮೇಲೆ ಇಟ್ಟೆ. ಕೀ ಎರಡೂ ಅದರ ಮೇಲೆ.

ಈಗ ವಾರಕ್ಕೆ ಎರಡು ಸಲ ಅವಳು ಫೋನ್ ಮಾಡುತ್ತಾಳೆ. ಪುಟ್ಟಿ ಮಲಗಿದ ಮೇಲೆ, ಅವಳಿಗೆ ರಾತ್ರಿ ಒಂಬತ್ತು. ನನಗೆ ಹನ್ನೆರಡೂವರೆ. ಅವಳ ಕಿಟಕಿಯಲ್ಲಿ ಇನ್ನೂ ಬೆಳಕು, ನನ್ನ ಕೋಣೆಯಲ್ಲಿ ಕತ್ತಲು. ಹಳದಿ ಸ್ಟಿಕ್ಕರ್ ಇದ್ದಲ್ಲಿಂದ ಅವಳು ಓದುತ್ತಾಳೆ, ನಾನು ಕೇಳುತ್ತೇನೆ. ಪುಟದ ಕೊನೆಗೆ ಬಂದಾಗ ನಿಲ್ಲಿಸುತ್ತಾಳೆ.

"ಆಯ್ತಾ?"

"ಆಯ್ತು. ತಿರುಗಿಸು."